ಸಕ್ಕರೆಯ ಒಡವೆ

ಲೋವರ್ ಪರೇಲ್, ಮುಂಬೈ
ಜನವರಿ ೨೪, ಶನಿವಾರ

ನನ್ನ ಮುದ್ದು ಆಯಿ,

ಫೋನು ಮಾಡಿದರೆ ನೀನು ನಡುನಡುವೆ ಸಮಾಧಾನ ಹೇಳುತ್ತೀಯ, ನಾನು ಅಳುತ್ತೇನೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಕಾಗದ. ಮೊದಲು ಒಳ್ಳೆಯ ಸುದ್ದಿ: ನಿನ್ನ ಅಳಿಯ ಸಾರಂಗ ಈಗಲೂ ಜಗತ್ತಿನಲ್ಲೇ ಅತ್ಯಂತ ಒಳ್ಳೆಯ ಗಂಡ. ಮದುವೆಯಾಗಿ ಐವತ್ತೆಂಟು ದಿನವಾದರೂ ಅವನು ಚಹಾ ಸೊರ್ರೆಂದು ಹೀರುವ ಸದ್ದಿಗೆ ನನಗೆ ಸುಮ್ಮಸುಮ್ಮನೆ ನಗು ಬರುತ್ತದೆ.

ಈಗ ನಿನ್ನೆಯ ವಿಷಯ. ಬಾಬಾರ ಕಾಲು ಮುರಿಯದಿದ್ದರೆ ನೀನೂ ಇಲ್ಲೇ ಇರುತ್ತಿದ್ದೆ. ಇರಲಿಲ್ಲವಲ್ಲ ಎಂದು ಈಗ ಸಮಾಧಾನ.

ನನ್ನ ಮೊದಲ ಸಂಕ್ರಾಂತಿಗೆಂದು ಅತ್ತೆ ಮೂರು ವಾರದಿಂದ ಸಕ್ಕರೆಯ ಒಡವೆ ಮಾಡುತ್ತಿದ್ದರು. ಸಣ್ಣ ಉರಿಯ ಮೇಲೆ ಎಳ್ಳಿಗೆ ಚಮಚ ಚಮಚ ಪಾಕ ಬಿಟ್ಟು, ಮುಳ್ಳು ಮುಳ್ಳಾಗಿ ಏಳುವ ತನಕ ಬೆರಳಲ್ಲೇ ಆಡಿಸುತ್ತ. ಬೆರಳ ತುದಿಯೆಲ್ಲ ಕೆಂಪು. ಆಮೇಲೆ ಕಾಳು ಕಾಳು ಪೋಣಿಸಿ ಸರ, ಬಳೆ, ಡಾಬು. ನೀನು ಕಳಿಸಿದ ಕಪ್ಪು ಸೀರೆಯ ಮೇಲೆ ಅದನ್ನೆಲ್ಲ ತೊಟ್ಟು ಕೂರುವುದು, ಹೆಂಗಸರು ಬಂದು ಅರಿಸಿನ ಕುಂಕುಮ ಹಚ್ಚುವುದು ಬಾಳಿನಲ್ಲಿ ಒಂದೇ ಸಲ. ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ಯಾವ ದಿನವಾದರೂ ಆದೀತು ಎಂದಿದ್ದರು; ದಿನ ಗೊತ್ತುಮಾಡಿದವಳೂ ನಾನೇ. ಬುಧವಾರ ಎರಡು ಕಂಪನಿಗಳ ಒಪ್ಪಂದಕ್ಕೆ ಸಹಿ ಬೀಳುತ್ತದೆ, ಶುಕ್ರವಾರ ಐದರಿಂದ ನಾನು ಪೂರ್ತಿ ನಿಮ್ಮವಳು ಎಂದು ಅತ್ತೆಯನ್ನು ತಬ್ಬಿಕೊಂಡು ಹೇಳಿದ್ದೆ.

ಸಹಿಯೂ ಶುಕ್ರವಾರಕ್ಕೇ ಹೋಯಿತು. ನನ್ನ ಹೆಸರಿರುವ ಮೊದಲ ದೊಡ್ಡ ಫೈಲು, ಆಯಿ. ಮುನ್ನೂರು ಪುಟ, ಒಂದೊಂದರಲ್ಲೂ ಸಹಿ ಸರಿಯಾಗಿದೆಯೇ ಎಂದು ನೋಡುವವಳು ನಾನು. ನಾಲ್ಕು ಗಂಟೆಗೆ ಒಬ್ಬ ನಿರ್ದೇಶಕ ಒಂದು ಷರತ್ತು ಒಪ್ಪುವುದಿಲ್ಲವೆಂದು ಎದ್ದುಹೋದ. ಐದಕ್ಕೆ ಸಾರಂಗನ ಫೋನು. ಐದೂವರೆಗೆ. ಆರಕ್ಕೆ. ಆಮೇಲೆ ಬರಲಿಲ್ಲ. ನಮ್ಮ ಮುಖ್ಯಸ್ಥೆ ಝರೀನ್ ಮೇಡಂ ಎದುರಿಗೇ ಕೂತಿದ್ದರು. ನಾನೇನು ಮಾಡಲಿ, ಹೇಳು.

ಎಂಟೂವರೆಗೆ ಮನೆ ಮುಟ್ಟಿದಾಗ ಬಂದವರೆಲ್ಲ ಹೋಗಿದ್ದರು. ಸಾರಂಗನ ದೊಡ್ಡಮ್ಮ ಮಾತ್ರ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ನನ್ನನ್ನು ನೋಡಿಯೂ ಮಾತನ್ನು ಅವನಿಗೇ ಆಡಿದರು: “ಏನೋ ಸಾರಂಗ, ಇವಳು ಮದ್ವೆ ಆಗಿದ್ದು ನಿನ್ನನ್ನೋ, ಆಫೀಸನ್ನೋ?” ಅವನು ನಗಲಿಲ್ಲ. ಅವನಿಗೂ ಸಕ್ಕರೆಯ ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು, ಖಾಲಿ ಮಣೆಯ ಪಕ್ಕ ಮೂರು ಗಂಟೆ ಕೂರಿಸಿದ್ದರಂತೆ. ಹೆಂಡತಿ ಓಡಿಹೋದಳಾ ಎಂದು ಒಬ್ಬೊಬ್ಬರೂ ಕೇಳಿದರಂತೆ.

ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಆಫೀಸಿನ ಕೋಟಿನ ಮೇಲೆಯೇ ಸರ ಹಾಕಿದರು, ಡಾಬು ಕಟ್ಟಿದರು, ಒಂದು ಫೋಟೋ ತೆಗೆಸಿದರು. ಐದು ನಿಮಿಷ, ಸೀರೆ ಉಟ್ಟು ಬರುತ್ತೇನೆ ಎಂದೆ. “ಬೇಡ ಪುಟ್ಟಾ, ನೋಡೋರು ಯಾರಿದಾರೆ ಈಗ? ನಾಳೆ ಎಷ್ಟೊತ್ತಿಗೆ ಹೋಗ್ಬೇಕು ಹೇಳು, ಡಬ್ಬಿ ಕಟ್ಟಿಡ್ತೀನಿ” ಎಂದರು.

ಡಬ್ಬಿ ಇಲ್ಲೇ ಆಫೀಸಿನ ಮೇಜಿನ ಮೇಲಿದೆ. ಮಧ್ಯಾಹ್ನ ಎರಡಾಯಿತು, ತೆರೆಯಲು ಕೈ ಬರುತ್ತಿಲ್ಲ.

ನಿನ್ನ ಪೆದ್ದಿ,
ಮೃಣ್ಮಯಿ

ತಾ.ಕ.: ಇದನ್ನು ಬಾಬಾಗೆ ಓದಿ ಹೇಳಬೇಡ. ನಿನ್ನೆ ಮೂರೂವರೆಗೇ ಝರೀನ್ ಮೇಡಂ, “ನಿಮ್ಮನೇಲಿ ಅರಿಸಿನ ಕುಂಕುಮ ಇವತ್ತೇ ಅಲ್ವಾ? ಎದ್ದು ಹೋಗು ಹುಡುಗಿ, ಉಳಿದಿದ್ದು ಯಶೋಧನ ನೋಡ್ಕೊಳ್ತಾನೆ” ಎಂದಿದ್ದರು. ಪಕ್ಕದ ಮೇಜಿನ ಯಶೋಧನ ಆಗಲೇ ಕುರ್ಚಿ ಎಳೆದುಕೊಂಡು ನನ್ನ ಫೈಲಿಗೆ ಕೈ ಹಾಕಿದ್ದ. ಇವತ್ತಲ್ಲ ಮೇಡಂ, ನಾಳೆ ಎಂದುಬಿಟ್ಟೆ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೇನೋ, ಆಯಿ.