ಮೇಜಿನ ಮೇಲೇ ಉಳಿದ ಬ್ಯಾಟರಿ

ಪ್ಯಾರಿಸ್, ಮಾರ್ಚ್ 1887

ಅಪ್ಪಾ,

ಹಾರಿತು! ಇವತ್ತು ಬೆಳಿಗ್ಗೆ ನಿನ್ನ ಕೆಲಸದ ಕೋಣೆಯಲ್ಲೇ, ನನ್ನ ಕಣ್ಣೆದುರೇ ಹಾರಿತು! ಸ್ಮಶಾನಕ್ಕೆ ಯಾವ ಅಂಚೆಯವನೂ ಬರುವುದಿಲ್ಲ, ಗೊತ್ತು. ಆದರೂ ನಿನಗೆ ಹೇಳದೆ ಹೇಗಿರಲಿ?

ಕೊನೆಗೂ ಬ್ಯಾಟರಿಯನ್ನು ಮೇಜಿನ ಮೇಲೇ ಬಿಟ್ಟೆವು. ಅಂಗೈಯಗಲದ ಮೋಟಾರು, ಅದರ ನೆತ್ತಿಯಲ್ಲಿ ತಿರುಗುವ ರೆಕ್ಕೆ, ಕೆಳಗೆ ಬ್ಯಾಟರಿಯವರೆಗೆ ನಾನೇ ರೇಷ್ಮೆದಾರ ಸುತ್ತಿದ ಎರಡು ಸಣ್ಣ ತಂತಿ, ಅಷ್ಟೇ. ನಿನ್ನ ಪಾಲುದಾರ ಅನ್ಸೆಲ್ಮ್ ತಂತಿ ಕೂಡಿಸಿದ. ಗುಂಯ್ ಅಂತ ಸೀದಾ ಮೇಲಕ್ಕೆದ್ದಿತು! "ತಂತಿ ಬಿಡು ಒಂಡೀನ್, ಇನ್ನೂ ಬಿಡೇ!" ಅಂತ ಕೂಗುತ್ತಾ ಆ ದಡಿಯ ನಿನ್ನ ಸ್ಟೂಲು ಹತ್ತಿ ಕುಣಿದುಬಿಟ್ಟ.

ಆರು ವರ್ಷ ನಾನೂ ಅವನೂ, ಬ್ಯಾಟರಿ ಹೊತ್ತುಕೊಂಡೇ ಹಾರಬೇಕು ಅಂತ ಹಟ ಹಿಡಿದೆವು. ಯಂತ್ರ ಮೇಜು ಬಿಟ್ಟು ಒಂದಂಗುಲವೂ ಏಳಲಿಲ್ಲ. "ಭಾರದ್ದನ್ನು ಕೆಳಗಿಟ್ಟು ತಂತಿ ಕಟ್ರೋ" ಅಂತ ನೀನು ಅಂದ ದಿನ, "ಕಟ್ಟಿಹಾಕಿದ್ದು ಹಕ್ಕಿಯಲ್ಲ ಅಪ್ಪಾ, ಮೇಕೆ" ಅಂತ ನಾನು ಕೆಲಸದವರನ್ನೆಲ್ಲ ನಗಿಸಿದೆ. ನೀನೂ ನಕ್ಕೆ. ಮಾರನೆಯ ದಿನದಿಂದ ಕೋಣೆಗೆ ಬರಲಿಲ್ಲ.

"ಇದಕ್ಕೊಂದು ಹೆಸರಿಡು ಮತ್ತೆ" ಅಂದ ಇವತ್ತು ಅನ್ಸೆಲ್ಮ್.

ಸೀಮೆಸುಣ್ಣದಿಂದ ಹಲಗೆಯ ಮೇಲೆ 'ಮೇಕೆ' ಅಂತ ಬರೆದೆ.

ಅವನು ನಗಲಿಲ್ಲ. ಸ್ಟೂಲಿನಿಂದ ಇಳಿದು ಟೋಪಿ ತೆಗೆದ.