ಅಪ್ಪ ಡೆಲೊಸ್ ನೋಡಿದ ದಿನ

ಮೈಕೊನೊಸ್,
ಅಕ್ಟೋಬರ್ ೧೮

ಪ್ರೀತಿಯ ಮರೂಸೊ,

ಪತ್ರಾಸ್‌ನಲ್ಲಿ ನೀನು, ಅಳಿಯ ಕ್ಷೇಮವೆಂದುಕೊಂಡಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು, ಇಗರ್ಜಿಯಲ್ಲಿ ಬೇಯಿಸಿದ ಗೋಧಿ ಹಂಚಿ ಬಂದ ಮೇಲೆಯೇ ಬರೆಯುವ ಧೈರ್ಯ ಬಂತು. ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಕೇಳಿದ್ದೊಂದೇ: "ಡೆಲೊಸ್‌ಗೆ ಹೋದ ದಿನ ಅಪ್ಪ ಹೇಗಿದ್ರು?" ಅದನ್ನೇ ಈಗ ಬರೆಯುತ್ತಿದ್ದೇನೆ.

ನಿನಗೇ ಗೊತ್ತು, ಜೀವಮಾನವೆಲ್ಲ ಪ್ರವಾಸಿಗಳನ್ನು ದೋಣಿಯಲ್ಲಿ ಡೆಲೊಸ್ ದ್ವೀಪಕ್ಕೆ ದಾಟಿಸಿದವರು ಒಮ್ಮೆಯೂ ದೋಣಿಕಟ್ಟೆ ಬಿಟ್ಟು ಒಳಗೆ ಕಾಲಿಟ್ಟವರಲ್ಲ. ಜನ ಪಾಳುಗುಡಿಗಳನ್ನು ನೋಡಿ ಬರುವವರೆಗೆ ದೋಣಿಯಲ್ಲೇ ನಿದ್ದೆ. ಡಾಕ್ಟರು ಶ್ವಾಸಕೋಶದ ವಿಷಯ ಹೇಳಿದ ಮೇಲೆ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ, "ಫ್ಲೋರಾ, ನಾವೂ ಒಂದಿನ ಪ್ರವಾಸಿಗಳ ಥರ ಹೋಗಿಬರೋಣ. ಮರೂಸೋನೂ ಬರ್ಲಿ" ಅಂದರು.

ಆಮೇಲೆ ಮನೆಯಲ್ಲಿ ಅದೇ ಮಾತು. ಸೋಮವಾರ ಬೇಡ, ಬಾಗಿಲು ಹಾಕಿರುತ್ತಾರೆ. ಮೊದಲ ದೋಣಿಗೇ ಹೋಗಬೇಕು, ಬಿಸಿಲೇರಿದರೆ ಅಲ್ಲಿ ನೆರಳಿಲ್ಲ. ನೀರು, ಟೋಪಿ, ಒಣರೊಟ್ಟಿ, ನಿನಗಿಷ್ಟವಾದ ಖಾರದ ಚೀಸ್. ಆ ವಾರ ಬಡಗಣ ಗಾಳಿಗೆ ದೋಣಿಗಳೆಲ್ಲ ನಿಂತಿದ್ದವು. ಅವರು ಕಿಟಕಿಯ ಬಳಿ ಕೂತು, ಗುರುವಾರಕ್ಕೆ ಇಳಿಯುತ್ತದೆ ಅಂದರು. ಹಾಗೇ ಇಳಿಯಿತು.

ಅವರ ದೋಣಿಯನ್ನು ಈಗ ಗವ್ರೀಲಿಸ್ ನಡೆಸುತ್ತಾನೆ. ಅಪ್ಪ ರೂಢಿಯಂತೆ ಹಗ್ಗಕ್ಕೆ ಕೈ ಹಾಕಿದರೆ, "ಕೈ ತೆಗಿ ಲಿನಾರ್ಡೋಸ್, ಇವತ್ತು ನೀನು ಗಿರಾಕಿ" ಎಂದು ಗದರಿದ. ಅಪ್ಪನಿಗೆ ಒಳಗೊಳಗೇ ಖುಷಿ.

ಡೆಲೊಸ್‌ನಲ್ಲಿ ಇಳಿದು ಹಳೆಯ ಕಲ್ಲಿನ ಸಿಂಹಗಳವರೆಗೆ ನಡೆದು ಕೂತುಬಿಟ್ಟರು. ಉಸಿರು ಸಾಲುತ್ತಿರಲಿಲ್ಲ. ಹಿಂದಿನ ಕಾಲದಲ್ಲಿ ಈ ದ್ವೀಪದಲ್ಲಿ ಯಾರೂ ಸಾಯಕೂಡದೆಂಬ ಕಟ್ಟಳೆಯಿತ್ತು, ಸಾಯುವಂತಿರುವವರನ್ನು ಎದುರಿನ ರಿನಿಯಾ ದ್ವೀಪಕ್ಕೆ ಸಾಗಿಸುತ್ತಿದ್ದರು ಎಂದು ಗೈಡ್ ಹುಡುಗಿಯೊಬ್ಬಳು ತನ್ನ ಗುಂಪಿಗೆ ಹೇಳುತ್ತಿದ್ದಳು. ನಾನು ಅವರ ಗಮನ ತಿರುಗಿಸಲೆಂದು ನೀರಿನ ಬಾಟಲಿ ಮುಂದೆ ಹಿಡಿದೆ. ಅಪ್ಪ ಮಾತ್ರ ರಿನಿಯಾ ಕಡೆ ನೋಡುತ್ತ ಮೆಲ್ಲಗೆ, "ಅವರನ್ನ ದಾಟಿಸಿದವನೂ ನನ್ನಂಥ ದೋಣಿಯವನೇ ಇರ್ಬೇಕು. ದಾರೀಲಿ ಏನು ಮಾತಾಡ್ತಿದ್ನೋ, ಪಾಪ" ಅಂದರು.

ರೊಟ್ಟಿ ಅರ್ಧ ತಿಂದರು. ಮಧ್ಯಾಹ್ನ ಎಲ್ಲರೂ ಹತ್ತಿದ ಮೇಲೆ ಕೊನೆಯವರಾಗಿ ದೋಣಿ ಹತ್ತಿದರು. ಮುಂದಿನ ವಾರ ನಿದ್ದೆಯಲ್ಲೇ ಹೋದರು. ನರಳಲಿಲ್ಲ, ಅಷ್ಟು ನೀನು ನಂಬು.

ಹೊತ್ತು ಹೊತ್ತಿಗೆ ಊಟ ಮಾಡು. ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ,
ಫ್ಲೋರಾ

ಮತ್ತೆ: ಡೆಲೊಸ್‌ಗೆ ಹೋಗುವ ಹಿಂದಿನ ದಿನ ನೀನು ಫೋನಿನಲ್ಲಿ, "ನನ್ನ ಮದುವೆಗೆ ಬರದೇ ಇದ್ದವರ ಜೊತೆ ಹೇಗಮ್ಮ ಬರ್ಲಿ?" ಅಂದದ್ದನ್ನು ನಾನು ಅವರಿಗೆ ಹೇಳಲಿಲ್ಲ. ಹೊರಡುವ ಬೆಳಿಗ್ಗೆ, ರಫೀನಾ ಬಂದರಿನ ಕಡೆ ಗಾಳಿ ಜೋರಂತೆ, ನಿನ್ನ ಹಡಗು ಹೊರಟಿಲ್ಲವಂತೆ ಅಂದೆ. ಇಲ್ಲಿ ನಮ್ಮ ಬಂದರಿನಲ್ಲಿ ಒಂದು ಅಲೆಯೂ ಇರಲಿಲ್ಲ. ಅವರು ಸಮುದ್ರವನ್ನು ಬಹಳ ಹೊತ್ತು ನೋಡಿ, "ಹೌದು, ತುಂಬಾ ಗಾಳಿ. ಮಗು ಬರದೇ ಇದ್ದದ್ದೇ ಒಳ್ಳೇದಾಯ್ತು" ಅಂದರು.