ಅಲುಗದ ಕಾಲು

ಬುಧವಾರ, ಮಾರ್ಚ್ ೧೧
ಮಧ್ಯಾಹ್ನ, ಅಂಗಡಿಯಿಂದ

ನನ್ನ ಮುದ್ದು ಮೊಂಡಿಗೆ,

ನಿನ್ನ ಕಾಗದ ಸೋಮವಾರವೇ ಕೈಸೇರಿತು. ಎರಡು ದಿನದಿಂದ ಉತ್ತರ ಬರೆಯುವುದು, ಹರಿಯುವುದು, ಹರಿದ ಹಾಳೆಯ ಹಿಂದೆ ಗಿರಾಕಿಗಳ ಅಳತೆ ಗೀಚಿಕೊಳ್ಳುವುದು, ಇದೇ ಆಗಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ನನ್ನನ್ನು ಮಾತಾಡಲು ಬಿಡುವವಳೇ? ಅರ್ಧ ಮಾತಿಗೇ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ. ಕೊನೆಯವರೆಗೂ ಓದು, ಆಮೇಲೆ ಜಗಳಕ್ಕೆ ಬಾ.

ನಿಮ್ಮ ಲ್ಯಾಬಿಗೆ ಬಂದ ಆ ಮುದುಕರ ವಿಷಯ ಬರೆದಿದ್ದೆಯಲ್ಲ. ಕೈಯಲ್ಲಿ ರಕ್ತನಾಳ ಸಿಗದೆ ಪಾದಕ್ಕೆ ಸೂಜಿ ಚುಚ್ಚಿದಾಗ ಅವರು ಕೂಗಿಕೊಂಡರಂತೆ. ನೀನು ಅವರಿಗೆ, ‘ನಮ್ಮಮ್ಮಂಗೂ ಕಾಲಲ್ಲೇ ತೆಗ್ದಿದ್ದೆ ತಾತ, ಅವ್ರು ತುಟಿ ಪಿಟಕ್ ಅನ್ನಲಿಲ್ಲ, ನೀವ್ಯಾಕೆ ಹೀಗಾಡ್ತೀರಾ’ ಅಂತ ಹೇಳಿ ಸುಮ್ಮನಾಗಿಸಿದೆಯಂತೆ. ಕಲಿಯಲು ಬಂದಿರುವ ಇಬ್ಬರು ಹುಡುಗಿಯರಿಗೂ ಈಗ ನನ್ನ ಕಥೆಯನ್ನೇ ಹೇಳಿಕೊಡುತ್ತಿದ್ದೀಯಂತೆ. ಅದನ್ನು ಓದಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ಮಗಳೇ, ಅವತ್ತು ನನಗೆ ನೋವಾಗಿತ್ತು. ಈಗಲೂ ನೋಯುತ್ತಿದೆ.

ಆಗಸ್ಟಿನ ಆ ದಿನ ನೆನಪಿಸಿಕೋ. ಜ್ವರದಲ್ಲಿ ಬತ್ತಿ ಹೋಗಿದ್ದ ನನ್ನ ಎರಡು ಕೈಗಳಿಗೂ ನಾಲ್ಕು ಸಲ ಚುಚ್ಚಿ ನಿನ್ನ ಹಣೆ ಬೆವತಿತ್ತು. ಡಾಕ್ಟರನ್ನು ಕೇಳಿಕೊಂಡು ಬಂದು ಪಾದಕ್ಕೆ ಕೈ ಹಾಕಿದೆ. ಪಕ್ಕದಲ್ಲಿ ನಿನ್ನ ಮೇಡಂ ನಿಂತಿದ್ದರು. ನಿನ್ನನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೋ ಬಿಡುವುದೋ ಎಂದು ಅವರು ತೀರ್ಮಾನಿಸುವ ವಾರ ಅದು. ಸೂಜಿ ಒಳಗೆ ಹೋದದ್ದೇ ತಡ, ಪಾದದಿಂದ ಹೆಬ್ಬೆರಳಿನ ತುದಿಗೆ ಕರೆಂಟು ಹೊಡೆದಂತಾಯಿತು. ನೀನು ತಲೆಯೆತ್ತಿ, ‘ಅಮ್ಮಾ, ಬೆರಳಿಗೇನಾದ್ರೂ ಜುಮ್ ಅಂತಾ?’ ಅಂತ ಕೇಳಿದೆ. ನಾನು ಇಲ್ಲವೆಂದು ತಲೆಯಾಡಿಸಿದೆ. ರಕ್ತ ಸರಿಯಾಗಿ ಬರಲಿಲ್ಲವೆಂದು ನೀನು ಸೂಜಿಯನ್ನು ಒಂದಿಷ್ಟು ಸರಿಸಿದಾಗ ನಾನು ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ. ಕಾಲು ಮಾತ್ರ ಅಲುಗಿಸಲಿಲ್ಲ.

ವಾರ ಕಳೆಯುವುದರೊಳಗೆ ಪಾದದ ಮೇಲೆ ಇರುವೆ ಹರಿದಂತೆ ಶುರುವಾಯಿತು, ಆಮೇಲೆ ಅಷ್ಟೂ ಇರುವೆ ಕಚ್ಚಿದಂತೆ. ಹೊದಿಕೆ ತಾಗಿದರೆ ಉರಿ. ಚಪ್ಪಲಿಯ ಪಟ್ಟಿ ಕತ್ತರಿಸಿದೆ. ಮೆಷಿನ್ ತುಳಿಯಲು ಬಲಗಾಲು ಒಲ್ಲೆ ಎಂದಿತು. ಎಡಗಾಲೊಂದರಲ್ಲೇ ತುಳಿದರೆ ಹೊಲಿಗೆ ಕುಡುಕನ ಹಾಗೆ ನಡೆಯಿತು. ನಿನ್ನ ಅಪ್ಪ ಮೆಷಿನ್ನಿಗೆ ಮೋಟರ್ ಹಾಕಿಸಿದ್ದು ನಾನು ಹೇಳಿದಂತೆ ಶೋಕಿಗಲ್ಲ. ಡಿಸೆಂಬರಿನಲ್ಲಿ ನೀನು ಬಂದಾಗ, ಪಾದ ನಿನ್ನ ಕಣ್ಣಿಗೆ ಬೀಳದಿರಲೆಂದು, ಉರಿ ತಡೆದುಕೊಂಡು ಎರಡು ದಿನವೂ ಕಾಲುಚೀಲ ಹಾಕಿಕೊಂಡೇ ಇದ್ದೆ. ಹಿಮ್ಮಡಿ ಒಡೆದಿದೆ ಎಂದು ಬೂಸಿ ಬಿಟ್ಟೆ. ನೀನು ನಂಬಿ ಮುಲಾಮು ತಂದುಕೊಟ್ಟೆ. ದಂಡ ಮಾಡಬಾರದೆಂದು ಹಚ್ಚಿ ಹಚ್ಚಿ ಈಗ ನನ್ನ ಹಿಮ್ಮಡಿಯಲ್ಲಿ ಮುಖ ನೋಡಿಕೊಳ್ಳಬಹುದು.

ನರದ ಡಾಕ್ಟರ ಹತ್ತಿರ ಹೋಗಿದ್ದೆ. ಸೂಜಿ ಒಂದು ಸಣ್ಣ ನರಕ್ಕೆ ತಾಗಿದೆ, ನಿಧಾನಕ್ಕೆ ಇಳಿಯುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು ಎಂದರು. ಕರೆಂಟು ಹೊಡೆದಾಗಲೇ ಹೇಳಿದ್ದರೆ ಸೂಜಿ ತೆಗೆದುಬಿಡುತ್ತಿದ್ದರು, ಇಷ್ಟಾಗುತ್ತಿರಲಿಲ್ಲವೇನೋ ಎಂದೂ ಅಂದರು. ಅವರು ಕೊಟ್ಟ ಮಾತ್ರೆಗೆ ಎಂಥ ತೂಕಡಿಕೆ ಅಂತೀಯ! ಒಂದು ಅಂಗಿಗೆ ಎರಡೂ ಬಲತೋಳು ಹಚ್ಚಿಬಿಟ್ಟಿದ್ದೆ.

ಫಿಸಿಯೋಥೆರಪಿಯ ಹೆಂಗಸು ಬೇರೆ ದಾರಿ ಹೇಳಿದಳು. ಪಾದಕ್ಕೆ ಮುಟ್ಟುವುದೆಂದರೇನೆಂದೇ ಮರೆತುಹೋಗಿದೆ, ಮತ್ತೆ ಕಲಿಸಬೇಕು, ಮೊದಲು ನುಣುಪು ಬಟ್ಟೆಯಿಂದ ಸವರಿ, ಆಮೇಲೆ ಒರಟು ಎಂದಳು. ನನಗೆ ನಗು ಬಂತು. ದರ್ಜಿಯ ಮನೆಯಲ್ಲಿ ಚಿಂದಿಗೇನು ಬರ! ಸ್ಯಾಟಿನ್ನಿನಿಂದ ಶುರುಮಾಡಿದೆ. ಮೊದಲ ದಿನ ಎರಡೇ ನಿಮಿಷಕ್ಕೆ ಕಣ್ಣಲ್ಲಿ ನೀರು. ಸ್ಯಾಟಿನ್ನಿಗೇ ಒಂದು ತಿಂಗಳು ಹಿಡಿಯಿತು. ಆಮೇಲೆ ಹತ್ತಿ, ಈಗ ಟವೆಲಿಗೆ ಬಂದಿದ್ದೇನೆ. ಜೀನ್ಸ್ ಬಟ್ಟೆ ಇನ್ನೂ ದೂರ. ಕೆಲವು ದಿನ ಕಾರಣವೇ ಇಲ್ಲದೆ ಎಲ್ಲ ಹಿಂದಕ್ಕೆ ಹೋಗಿ ಹತ್ತಿಯೂ ಸುಡುತ್ತದೆ. ಅಂಥ ದಿನ ಅಂಗಡಿಗೆ ಬಂದವರಿಗೆ ಗ್ರಹಚಾರ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆಮೇಲೆ ನನಗೇ ಬೇಜಾರಾಗಿ, ಮೆಷಿನ್ ನಿಲ್ಲಿಸಿ, ಸ್ಟೂಲಿನ ಮೇಲೆ ಕಾಲಿಟ್ಟು ಗುಂಡಿ ಹಚ್ಚುವ ಕೆಲಸಕ್ಕೆ ಕೂರುತ್ತೇನೆ.

ಮುಚ್ಚಿಟ್ಟದ್ದು ನಿನಗಾಗಿ. ಗೊತ್ತಾದರೆ ನೀನು ಮತ್ತೆ ಸೂಜಿ ಹಿಡಿಯಲಾರೆ ಎಂಬ ಭಯ. ಆದರೆ ನಿನ್ನ ಕಾಗದ ಓದಿ ನಿನ್ನ ಅಪ್ಪ ಕನ್ನಡಕ ತೆಗೆದಿಟ್ಟು, ‘ಸುಳ್ಳು ಹೇಳಿ ನಿನ್ನ ಮಗಳನ್ನ ಕಾಪಾಡ್ದೆ ಸರಿ, ಆ ಮುದುಕಪ್ಪನ್ನ ಯಾರು ಕಾಪಾಡ್ತಾರೆ?’ ಅಂದರು. ಅವರು ಎರಡನೇ ಸಲ ಹೇಳಬೇಕಾಗಲಿಲ್ಲ.

ಆ ಹಿರಿಯರನ್ನು ಹುಡುಕಿ ಕಾಲು ಹೇಗಿದೆ ಕೇಳು. ನೋವಿದ್ದರೆ ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗು. ಆ ಹುಡುಗಿಯರಿಗೆ ನನ್ನ ಕಥೆಯನ್ನು ಸರಿಯಾಗಿ ಹೇಳು: ಯಾರಾದರೂ ಕರೆಂಟು ಹೊಡೆದಂತಾಯಿತು ಎಂದರೆ ಆ ಕ್ಷಣವೇ ಸೂಜಿ ತೆಗೆಯಬೇಕು. ಕೆಲಸ ಬಿಡುತ್ತೇನೆಂದು ಮಾತ್ರ ಹೊರಡಬೇಡ. ನೀನು ಕೇಳಿದ್ದೆ, ಸುಳ್ಳು ಹೇಳಿದ್ದು ನಾನು. ನನ್ನ ಮೇಲೆ ಸಿಟ್ಟು ಮಾಡಿಕೋ, ಎಷ್ಟು ದಿನ ಬೇಕೋ ಅಷ್ಟು ದಿನ.

ನೀನು ಮಾತು ಬಿಟ್ಟರೂ ನಿನ್ನನ್ನು ಬಿಡದ,
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿಕೊಂಡೆ, ನಾಚಿಕೆಯಾಯಿತು. ಮುಚ್ಚಿಟ್ಟದ್ದು ನಿನಗಾಗಿ, ನಿಜ. ತಲೆಯಾಡಿಸಿದ್ದು ನಿನಗಾಗಿ ಅಲ್ಲ. ಕೈಗೆ ನಾಲ್ಕು ಸಲ ಚುಚ್ಚಿದಾಗ ನಿನ್ನ ಮೇಡಂ, ‘ಇಷ್ಟು ಗಟ್ಟಿ ಹೆಂಗಸನ್ನ ನಾನು ನೋಡೇ ಇಲ್ಲ’ ಅಂದಿದ್ದರು. ಐವತ್ತೆರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಹೊಗಳಿರಲಿಲ್ಲ. ಆ ಮಾತು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೆ. ನಿನ್ನ ಕೆಲಸ ನೆನಪಾದದ್ದೇ ಮನೆಗೆ ಬಂದ ಮೇಲೆ. ಮುಂದಿನ ತಿಂಗಳು ನನಗೆ ಮತ್ತೆ ರಕ್ತ ಪರೀಕ್ಷೆಯಿದೆ. ನಿನ್ನ ಹತ್ತಿರವೇ ಬರುತ್ತೇನೆ. ಕೈಯಲ್ಲಿ ತೆಗೆ, ಆ ಹುಡುಗಿಯರನ್ನೂ ಮೇಡಂ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೋ. ನೋವಾದರೆ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕಿರುಚುತ್ತೇನೆ.